ಇಟಲಿಯ ತಿಪ್ಪವ್ವ

ದಾಕ್ಷಾಯಣಿ ಮುಂದಿನ ಗಾಜಿನ ಎಡಭಾಗವನ್ನು ಒರೆಸಿ ಮುಗಿಸಿದ್ದಳು. ಬಲಭಾಗ ಇನ್ನೂ ಬಾಕಿ ಇತ್ತು. ಹಳೆಯ ಸೀರೆಯ ತುಂಡನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುತ್ತ, ದಿನದ ವಾಡಿಕೆಯಂತೆ ಬೈಗುಳವನ್ನು ಮುಂದುವರಿಸಿದಳು.

"ಏನ್ ಮುದುಕಿ ಆಗೀಯವಾ ತಿಪ್ಪವ್ವಾ! ಹಲ್ಲಿಲ್ಲ, ದವಡಿ ಇಲ್ಲ. ಇವತ್ತ ದಾರ್ಯಾಗ ಕುಂದರ್ತಿಯೋ, ನಾಳಿ ಕುಂದರ್ತಿಯೋ, ಆ ಶಿವನ ಬಲ್ಲ."

ಬಳ್ಳಾರಿಯ ಗಾಂಧಿನಗರದ ಆ ಓಣಿಯಲ್ಲಿ ಇದು ಯಾರಿಗೂ ಹೊಸದಲ್ಲ. ಬೇರೆ ಮನೆಗಳ ಮುಂದೆ ಬೆಳಿಗ್ಗೆ ಗಾಡಿಗೆ ಊದುಬತ್ತಿ ಬೆಳಗುತ್ತಾರೆ. ಈ ಮನೆಯ ಮುಂದೆ ಬೈಯುತ್ತಾರೆ. ತಿಪ್ಪವ್ವ ಅಂದರೆ ಇಟಲಿ ಕಂಪನಿಯ, ಹದಿನಾಲ್ಕು ವರ್ಷದ, ಬೂದಿ ಬಣ್ಣದ ಡೀಸೆಲ್ ಕಾರು. ಹೆಸರಿಟ್ಟವರು ಅತ್ತೆ ಕೊಟ್ರಬಸಮ್ಮ. ಅದಕ್ಕೆ ಮುಂಚಿನ ಎರಡು ಗಾಡಿಗಳು ಈ ಮನೆಯಲ್ಲಿ ಬಾಳಿರಲಿಲ್ಲ. ಒಂದು ಲಾರಿಯ ಹಿಂಬದಿಗೆ ಮುತ್ತಿಟ್ಟು ಹೋಯಿತು, ಇನ್ನೊಂದು ಹಳ್ಳದ ನೀರಿನಲ್ಲಿ ಮುಳುಗಿ ಹೋಯಿತು. ಎರಡು ಕೂಸು ಹೋದ ಮನೆಯಲ್ಲಿ ಮೂರನೆಯದಕ್ಕೆ ಏನು ಮಾಡುತ್ತಾರೋ ಕೊಟ್ರಬಸಮ್ಮ ಅದನ್ನೇ ಮಾಡಿದರು. ತಿಪ್ಪೆಯ ಮಣ್ಣನ್ನು ಒಂದು ಚಿಟಿಕೆ ತಂದು ಬಾನೆಟ್ಟಿಗೆ ಹಚ್ಚಿ, "ತಿಪ್ಪವ್ವಾ" ಎಂದು ಮೂರು ಸಲ ಕೂಗಿ, ಮನೆಮಂದಿಗೆಲ್ಲ ಕಟ್ಟಪ್ಪಣೆ ಹೊರಡಿಸಿದರು: "ಯಾರೂ ಇದನ್ನ ಛಲೋ ಐತಿ ಅನ್ನಬ್ಯಾಡ್ರಿ. ಬೈರಿ. ಬೈದಷ್ಟು ಬಾಳತೈತಿ."

ಬೈದರು. ಬಾಳಿತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಸಿರುಗುಪ್ಪದಿಂದ ಬಳ್ಳಾರಿಗೆ, ಬೇಸಿಗೆಯ ಕೆಂಡದಲ್ಲಿ, ಮಳೆಗಾಲದ ರಾಡಿಯಲ್ಲಿ, ಭತ್ತ ತುಂಬಿದ ಟ್ರ್ಯಾಕ್ಟರುಗಳ ನಡುವೆ ನುಸುಳಿಕೊಂಡು ತಿಪ್ಪವ್ವ ದಿನಾ ಹೋಯಿತು, ದಿನಾ ಬಂತು. ದಾಕ್ಷಾಯಣಿ ಸಿರುಗುಪ್ಪದ ಒಂದು ಬೀಜದ ಲ್ಯಾಬಿನಲ್ಲಿ ಭತ್ತದ ಬೀಜ ಎಷ್ಟು ಮೊಳಕೆ ಒಡೆಯುತ್ತದೆ ಎಂದು ಪರೀಕ್ಷೆ ಮಾಡುವ ಕೆಲಸದವಳು. ಕಾಳು ಎಣಿಸುವ ಕೈಗೆ ತಾಳ್ಮೆ ಜಾಸ್ತಿ. ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಮೇಲೆ ಅದು ಉಸಿರು ತಕ್ಕೊಳ್ಳುವ ತನಕ ಕಾಯುವಳು. ದೂರದಿಂದ ಬಂದ ಮೇಲೆ ಎಂಜಿನ್ ತಟ್ಟನೆ ಆರಿಸದೆ ಒಂದಿಷ್ಟು ಹೊತ್ತು ಹಾಗೇ ಗುನುಗಲು ಬಿಡುವಳು. ಆಯಿಲ್ ಬದಲಿಸುವ ದಿನವನ್ನು ಮಗನ ಹುಟ್ಟಿದ ದಿನ ಮರೆತರೂ ಮರೆತವಳಲ್ಲ. ಕಾರು ಮಾಡಿದ ಕಂಪನಿಯೇ ಈ ದೇಶದಲ್ಲಿ ಮಾರುವುದನ್ನು ಬಿಟ್ಟು ಹೋಗಿ ವರ್ಷಗಳಾದವು. ಬಾಗಿಲು ಮಾತ್ರ ಈಗಲೂ ಹಳೆ ಬ್ಯಾಂಕಿನ ತಿಜೋರಿಯಂತೆ 'ಧಪ್' ಎಂದು ಮುಚ್ಚುತ್ತದೆ.

ಇಷ್ಟನ್ನೆಲ್ಲ ಅವಳು ಒಬ್ಬರಿಗೂ ಹೇಳಿರಲಿಲ್ಲ. ಇನ್ನೊಂದನ್ನಂತೂ ತನಗೆ ತಾನೇ ಕೂಡ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಮನೆಯಲ್ಲಿ ಅವಳು ಸೊಸೆ, ಲ್ಯಾಬಿನಲ್ಲಿ ಮೇಡಂ. ಈ ಎರಡರ ನಡುವಿನ ರಸ್ತೆಯಲ್ಲಿ ಮಾತ್ರ ಅವಳು ಯಾರೂ ಅಲ್ಲ. ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ತುರುಕಿದರೆ ಆಯಿತು. ಹಾಡಬಹುದು, ಸುಮ್ಮನಿರಬಹುದು, ಅಪ್ಪ ತೀರಿಕೊಂಡ ವರ್ಷ ತಾನು ಮಾಡಿದಂತೆ ದಾರಿಯುದ್ದಕ್ಕೂ ಅಳಲೂಬಹುದು. ತಿಪ್ಪವ್ವ ಏನನ್ನೂ ಕೇಳುವುದಿಲ್ಲ.

ಆದರೆ ಮನೆ ತುಂಬ ಹದಿನಾಲ್ಕು ವರ್ಷ ಬೈದ ಮೇಲೆ ಒಬ್ಬರಾದರೂ ಅದನ್ನು ನಿಜ ಅಂತ ನಂಬಬೇಕಲ್ಲ? ನಂಬಿದವನು ಗಂಡ ವಿರೂಪಾಕ್ಷಪ್ಪ. ಬಟ್ಟೆ ಅಂಗಡಿಯವನು. ಆ ಗಾಡಿಯ ಸ್ಟಿಯರಿಂಗನ್ನು ಒಂದು ದಿನವೂ ಮುಟ್ಟಿದವನಲ್ಲ. ಎರಡು ತಿಂಗಳ ಕೆಳಗೆ ತಾನೊಂದು ಹೊಸ ಕಾರು ತಂದ. ಒಳಗೆ ಮನೆಯ ಟಿವಿಯಷ್ಟು ದೊಡ್ಡ ಪರದೆ. ತಂದ ದಿನವೇ ತೀರ್ಪು ಕೊಟ್ಟ: "ನಿನ್ನ ತಿಪ್ಪವ್ವ ದಾರ್ಯಾಗ ಒಂದ ಒಂದು ಸಲ ನಿಲ್ಲಲಿ, ಅವತ್ತ ಓಬಣ್ಣನ ಗುಜರಿಗೆ ಕಳಸ್ತೀನಿ. ಆಮ್ಯಾಲೆ ಅಳಬ್ಯಾಡ." ಅಂದಿನಿಂದ ದಾಕ್ಷಾಯಣಿ ಗಾಡಿಯನ್ನು ಇನ್ನಷ್ಟು ಭಕ್ತಿಯಿಂದ ಬೈಯುತ್ತಿದ್ದಳು.

ಈ ಬೆಳಿಗ್ಗೆ ಗಾಜಿನ ಬಲಭಾಗ ಒರೆಸಲು ಬಗ್ಗಿದಾಗ ಒಳಗಿನ ಮೀಟರು ಕಣ್ಣಿಗೆ ಬಿತ್ತು. ನಿನ್ನೆ ಸಂಜೆ ಮೂರು ಲಕ್ಷ ಕಿಲೋಮೀಟರ್ ದಾಟಿತ್ತು. ಬಟ್ಟೆ ಹಿಡಿದ ಕೈ ಬಾನೆಟ್ಟಿನ ಮೇಲೆ ನಿಂತಿತು.

"ಬಂಗಾರದಂಥಾಕಿ ನನ್ನವ್ವಾ," ಎಂದಳು, ಗಟ್ಟಿಯಾಗಿ. "ಒಂದಿನ ಕೈ ಕೊಟ್ಟಿಲ್ಲ ನೀನು."

ಹಿಂದೆ ತಂಬಿಗೆ ಬಿದ್ದ ಸಪ್ಪಳ.

"ಏನಂದಿ?" ಹೊಸ್ತಿಲಲ್ಲಿ ಕೊಟ್ರಬಸಮ್ಮ. ಹಣೆಯ ಮೇಲೆ ಅರ್ಧ ಹಚ್ಚಿದ ವಿಭೂತಿ. "ಏನಂದಿ ಈಗ?"

"ಏನಿಲ್ಲತ್ತಿ…"

"ಕೇಳಿಸ್ತು ನಂಗ! ಬಂಗಾರ ಅಂದಿ! ಶಿವ ಶಿವ, ಹದ್ನಾಕು ವರ್ಷ ಕಾಪಾಡಿದ್ದನ್ನ ಒಂದ ಮಾತಿನಾಗ ತೊಳದಿ!"

ಕಾಂಪೌಂಡಿನ ಆಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ಗಾದಿಲಿಂಗಪ್ಪ. ಕರೆಂಟ್ ಆಫೀಸಿನಿಂದ ರಿಟೈರಾದ ಮೇಲೆ ಓಣಿಯ ಎಲ್ಲ ಎಂಜಿನ್ನುಗಳ ಉಸ್ತುವಾರಿ ಅವರದು. ಯಾರೂ ವಹಿಸಿದ್ದಲ್ಲ, ತಾವೇ ವಹಿಸಿಕೊಂಡದ್ದು.

"ನಾನೂ ಕೇಳಿದೆ ತಂಗೀ. ಅಂದಿದ್ದು ಖರೇನ. ಇಟಲಿ ಗಾಡಿ ಬ್ಯಾರೆ. ಹೊಗಳಿದ್ರ ಅವಕ್ಕ ತಡ್ಯಾಂಗಿಲ್ಲ."

"ಈಗೇನ್ ಮಾಡೋದು ಗಾದಿಲಿಂಗಪ್ಪ?" ಎಂದರು ಕೊಟ್ರಬಸಮ್ಮ, ಡಾಕ್ಟರನ್ನು ಕೇಳುವ ದನಿಯಲ್ಲಿ.

"ಕುರುಗೋಡು ಬಸವಣ್ಣಗ ಒಂದು ಕಾಯಿ ಒಡೀರಿ. ನಾನೂ ಬರ್ತೀನಿ. ಎಂಜಿನ್ ಏನಂತೈತಿ ಕೇಳತೀನಿ."

"ನನಗ ಲ್ಯಾಬಿಗೆ ಹೊತ್ತಾಗ್ತೈತ್ರಿ, ಕುರುಗೋಡು ಸುತ್ತು ದಾರಿ…" ದಾಕ್ಷಾಯಣಿಯ ಮಾತು ಮುಗಿಯುವಷ್ಟರಲ್ಲಿ ಅತ್ತೆ ಹಿತ್ತಾಳೆ ಬುಟ್ಟಿಯ ಸಮೇತ ಹಿಂದೆ ಕುಳಿತಾಗಿತ್ತು. ಗಾದಿಲಿಂಗಪ್ಪ ಮುಂದೆ ಕುಳಿತು ಕಿವಿಯನ್ನು ಡ್ಯಾಶ್‌ಬೋರ್ಡಿಗೆ ಹಚ್ಚಿಯಾಗಿತ್ತು. ಅವಳ ಒಂಟಿ ರಸ್ತೆ ಜಾತ್ರೆಯ ಟೆಂಪೊ ಆಯಿತು.

ಊರು ದಾಟಿ ಎರಡೂ ಕಡೆ ಹೊಲ ಶುರುವಾದ ಮೇಲೆ ಗಾದಿಲಿಂಗಪ್ಪ ಕೈ ಎತ್ತಿದರು.

"ಕೇಳ್ರಿ. ಕಟ್… ಕಟ್… ಕಟ್."

ನಿಜ. ಕಟ್ ಕಟ್ ಅನ್ನುತ್ತಿತ್ತು. ದಾಕ್ಷಾಯಣಿ ಗಾಡಿಯ ವೇಗ ತಗ್ಗಿಸಿದಳು. ಇಷ್ಟು ವರ್ಷದಲ್ಲಿ ಕೇಳಿರದ ಸಪ್ಪಳ.

"ಬೇರಿಂಗ್ ಹೋಗೇತಿ," ಎಂದರು ಗಾದಿಲಿಂಗಪ್ಪ. ಇನ್ನೊಂದಿಷ್ಟು ದೂರ ಹೋದ ಮೇಲೆ, "ಬೇರಿಂಗ್ ಅಲ್ಲ, ಪಿಸ್ಟನ್." ಒಂದು ಉಬ್ಬು ದಾಟಿದ ಮೇಲೆ, "ಎಲ್ಲಾ ಹೋಗೇತಿ."

"ಬಂಗಾರ ಅಂದ್ಲಲ್ಲ!" ಹಿಂದಿನಿಂದ ಅತ್ತೆ.

ದಾಕ್ಷಾಯಣಿ ತಲೆ ಕೊಂಚ ಓರೆ ಮಾಡಿ ಕೇಳಿದಳು. ಎಂಜಿನ್ನಿನ ಉಸಿರಿನ ಲಯ ಬೇರೆ, ಇದರ ಲಯ ಬೇರೆ. "ಗಾದಿಲಿಂಗಪ್ಪಣ್ಣ, ನಿಮ್ಮ ಅಂಗಿ ಕಿಸೆದಾಗ ಏನೈತಿ?"

ಅವರು ಕಿಸೆಗೆ ಕೈ ಹಾಕಿದರು. ಅಡಕೊತ್ತು ಮತ್ತು ಸುಣ್ಣದ ಡಬ್ಬಿ. ಹೊರಗೆ ತೆಗೆದ ಕೂಡಲೇ ಪಿಸ್ಟನ್, ಬೇರಿಂಗ್, ಎಲ್ಲ ರಿಪೇರಿಯಾದವು. ಅಲ್ಲಿಂದ ಮುಂದೆ ಅವರು ಕಿಟಕಿಯಾಚೆಯ ಮೆಣಸಿನಕಾಯಿ ಬೆಳೆಯ ಬಗ್ಗೆ ಮಾತಾಡಿದರು.

ಕುರುಗೋಡಿನಲ್ಲಿ ಗುಡಿಯ ಎದುರು ಗಾಡಿ ನಿಲ್ಲಿಸಿ ದಾಕ್ಷಾಯಣಿ ಒಳಗೆ ಸಾಲಿನಲ್ಲಿ ನಿಂತಳು. ಹೊರಗೆ ಕೊಟ್ರಬಸಮ್ಮನ ಫೋನು ಬಡಿದುಕೊಂಡಿತು. ಮಗ ವಿರೂಪಾಕ್ಷಪ್ಪ. ಅವ್ವ ಮನೆಯಲ್ಲಿಲ್ಲವೆಂದು ಗಾಬರಿ. ಗುಡಿಯಲ್ಲಿ ಗಂಟೆ, ಪಕ್ಕದಲ್ಲಿ ಬಸ್ಸಿನ ಹಾರನ್ನು. ಕೊಟ್ರಬಸಮ್ಮ ಫೋನನ್ನು ಮೈಕಿನಂತೆ ಹಿಡಿದು ಕೂಗಿದರು:

"ಕುರುಗೋಡಾಗ ಅದೀವಪ್ಪಾ! ಇಲ್ಲೇ ಗುಡಿ ಮುಂದ ಗಾಡಿ ನಿಂತೈತಿ!"

ಆ ಕಡೆಗೆ ತಲುಪಿದ್ದು ಮೂರೇ ಮಾತು: ಕುರುಗೋಡಾಗ ಗಾಡಿ ನಿಂತೈತಿ.

ವಿರೂಪಾಕ್ಷಪ್ಪ ಹೆಂಡತಿಗೆ ಫೋನ್ ಹಚ್ಚಿದ. ಅದು ಬ್ಯಾಗಿನಲ್ಲಿ ಮೂಕಾಗಿ ಮಲಗಿತ್ತು. ಅವ್ವನಿಗೆ ಮತ್ತೆ ಹಚ್ಚಿದ. ಅವರು ಕಾಯಿ ಹೋಳನ್ನೂ ಫೋನನ್ನೂ ಒಂದೇ ಬುಟ್ಟಿಗೆ ಹಾಕಿ ಮೇಲೆ ಹೂವು ಮುಚ್ಚಿದ್ದರು. ಇನ್ನು ತಡಮಾಡುವಂತಿರಲಿಲ್ಲ. ಗುಜರಿಯ ಓಬಣ್ಣನನ್ನು ಕರೆದು, ಒಂದು ಗಟ್ಟಿ ಹಗ್ಗ ತಕ್ಕೊಂಡು, ಹೊಸ ಕಾರಿನಲ್ಲಿ ಹೊರಟ. ಹೆಂಡತಿಯ ಗಾಡಿ ಕೆಟ್ಟ ದುಃಖ ಅವನ ಮುಖದಲ್ಲಿ ಎಷ್ಟಿತ್ತೆಂದರೆ, ದಾರಿಯುದ್ದಕ್ಕೂ ಸಿಳ್ಳೆ ಹಾಕಿದನಂತೆ. ಹೀಗೆಂದು ಆಮೇಲೆ ಓಬಣ್ಣ ಹೇಳಿದ.

ಅವನು ಕುರುಗೋಡು ಮುಟ್ಟುವ ಹೊತ್ತಿಗೆ ತಿಪ್ಪವ್ವ ಅಲ್ಲಿರಲಿಲ್ಲ. ಬಳ್ಳಾರಿ ಬಸ್ಸು ಹತ್ತಿಸಲು ಕಾಯುತ್ತ ನಿಂತರೆ ಲ್ಯಾಬಿಗೆ ತಡವೆಂದು ದಾಕ್ಷಾಯಣಿ ಅತ್ತೆ, ಗಾದಿಲಿಂಗಪ್ಪ ಇಬ್ಬರನ್ನೂ ತನ್ನೊಂದಿಗೇ ಸಿರುಗುಪ್ಪಕ್ಕೆ ಒಯ್ದಿದ್ದಳು. ವಿರೂಪಾಕ್ಷಪ್ಪ, ಪಾಪ, ಯಾರೋ ಟ್ರ್ಯಾಕ್ಟರಿಗೆ ಕಟ್ಟಿ ಸಿರುಗುಪ್ಪದ ಕಡೆ ಎಳೆದೊಯ್ದಿರಬೇಕೆಂದು ತಾನೂ ಅದೇ ದಾರಿ ಹಿಡಿದ.

ಮಧ್ಯಾಹ್ನ ಮೊಳಕೆಯ ತಟ್ಟೆಗಳನ್ನು ಮುಚ್ಚಿಟ್ಟು ಬಂದ ದಾಕ್ಷಾಯಣಿ ಫೋನು ನೋಡಿದರೆ ಗಂಡನ ಕರೆಗಳು ಸಾಲುಗಟ್ಟಿದ್ದವು. ಹಚ್ಚಿದಳು.

"ಎಲ್ಲಿ ನಿಂತೈತಿ ನಿನ್ನ ಗಾಡಿ?" ಗಂಡನ ದನಿ ಒಣಗಿತ್ತು.

"ಲ್ಯಾಬಿನ ಮುಂದ, ಬೇವಿನ ಗಿಡದ ನೆರಳಾಗ ನಿಂತೈತ್ರಿ."

"ನಿಂತೈತಿ ಅಂದ್ರ? ಓಡತೈತೋ ಇಲ್ಲೋ?"

"ಓಡಿ ಬಂದಮ್ಯಾಲೆ ನಿಂತೈತಿ. ಯಾಕ?"

ಆ ಕಡೆಯಿಂದ, ಬಾವಿಯೊಳಗಿಂದ ಬಂದಂತೆ ಒಂದು ಮಾತು: "ನಂದೂ ನಿಂತೈತಿ."

"ನೆರಳಾಗೇನ್ರಿ?"

"ಬಿಸಲಾಗ."

ಅವಳು ಅರ್ಧ ದಿನ ರಜೆ ಹಾಕಿ, ಅತ್ತೆ ಗಾದಿಲಿಂಗಪ್ಪರನ್ನು ಕೂರಿಸಿಕೊಂಡು ಹೊರಟಳು. ಕಾಲುವೆಯ ಹತ್ತಿರ, ಒಂದು ಗಿಡವೂ ಇಲ್ಲದ ಕಡೆ, ಹೊಸ ಕಾರು ಅಲಂಕಾರ ಮಾಡಿಕೊಂಡು ಮುನಿಸಿಕೊಂಡ ಮದುಮಗಳಂತೆ ನಿಂತಿತ್ತು. ವಿರೂಪಾಕ್ಷಪ್ಪ ತಲೆಯ ಮೇಲೆ ಟವೆಲು ಹೊದ್ದಿದ್ದ. ಓಬಣ್ಣ ಗಾಲಿಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಕಾರಿನೊಳಗಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಬಲು ನಯವಾಗಿ ಅದೇ ಮಾತನ್ನು ತಿರುತಿರುಗಿ ಹೇಳುತ್ತಿತ್ತು.

"ಯಾರೋ ಒಳಗ?" ಕೊಟ್ರಬಸಮ್ಮ ಗಾಬರಿಯಾದರು.

"ಯಾರಿಲ್ಲಬೇ. ಕಾರ ಮಾತಾಡತೈತಿ."

"ಏನಂತಾಳ?"

"ಕಾಯಿರಿ ಅಂತಾಳ. ಮುಂಜಾಲಿಂದ ಅದನ್ನ ಅನ್ನಾಕತ್ಯಾಳ."

ಗಾದಿಲಿಂಗಪ್ಪ ಬಾನೆಟ್ ಎತ್ತಿಸಿ ಒಳಗೆ ನೋಡಿದರು. ಎಲ್ಲ ಕಡೆ ಕರಿ ಪ್ಲಾಸ್ಟಿಕ್ಕಿನ ಮುಚ್ಚಳ. ಕಿವಿ ಹಚ್ಚಲು ಜಾಗವೇ ಇರಲಿಲ್ಲ. "ಇದರಾಗ ಎಂಜಿನ್ ಎಲ್ಲೈತಿ ಅಂತ ಮೊದಲು ಕೇಳಬೇಕು," ಎಂದು ಮುಚ್ಚಿದರು.

ತಿಪ್ಪವ್ವನನ್ನು ಎಳೆಯಲೆಂದು ತಂದ ಹಗ್ಗವನ್ನು ತಿಪ್ಪವ್ವನ ಹಿಂಬದಿಗೆ ಕಟ್ಟಿದರು. ಹೊಸ ಕಾರಿನ ಸ್ಟಿಯರಿಂಗಿಗೆ ಗುಜರಿಯ ಓಬಣ್ಣ ಕುಳಿತ. ಎಳೆಸಿಕೊಳ್ಳುವ ಕಾರಿನಲ್ಲಿ ಕೂರಲು ಮಾನ ಅಡ್ಡ ಬಂದು ವಿರೂಪಾಕ್ಷಪ್ಪ ಹೆಂಡತಿಯ ಪಕ್ಕ ಕುಳಿತ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ದಾಕ್ಷಾಯಣಿ ಮೊದಲ ಗೇರು ಹಾಕಿ ಕ್ಲಚ್ಚನ್ನು ಹಾಲು ಬಸಿಯುವಷ್ಟು ಮೆಲ್ಲಗೆ ಬಿಟ್ಟಳು. ಹಗ್ಗ ಬಿಗಿಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ತಿಪ್ಪವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸಿನಂತೆ ಒಂದು ಸಲ ಹೂಂಕರಿಸಿ, ಹೊರಟೇಬಿಟ್ಟಿತು.

ಕುರುಗೋಡಿನ ಸಂತೆಬೀದಿಯಲ್ಲಿ ಚಹಾದಂಗಡಿಯ ಮುಂದಿದ್ದವರು ಎದ್ದು ನಿಂತರು.

"ನೋಡ್ರಲೇ, ಅಜ್ಜಿ ಮೊಮ್ಮಗನ್ನ ಸಾಲಿಗೆ ಎಳಕೊಂಡು ಹೊಂಟಾಳ!"

"ಮೊಮ್ಮಗ ಅಳವಲ್ಲ ನೋಡು, ಛಲೋ ಹುಡುಗ!"

ವಿರೂಪಾಕ್ಷಪ್ಪ ಟವೆಲನ್ನು ಮುಖದ ಮೇಲೆ ಎಳೆದುಕೊಂಡ. ಊರು ದಾಟಿದ ಮೇಲೆ ಮೆಲ್ಲಗೆ ಸರಿಸಿದ. ಇಷ್ಟು ಭಾರ ಬೆನ್ನಿಗೆ ಬಿಗಿದಿದ್ದರೂ ಗಾಡಿ ಅಲುಗಾಡುತ್ತಿರಲಿಲ್ಲ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇದ್ದಲ್ಲೇ ಇತ್ತು. ಎ.ಸಿ. ತಣ್ಣಗೆ ಬೀಸುತ್ತಿತ್ತು. ಅವನ ನೋಯುವ ಸೊಂಟವನ್ನು ಸೀಟು ಅಂಗೈಯಂತೆ ಹಿಡಿದಿತ್ತು.

"ಏನ್ ಎಳಿತೈತಿ ಇದು!" ಎಂದ. "ಹಿಂಗೈತಿ ಅಂತ ನೀ ಒಂದಿನಾನೂ ಹೇಳಲಿಲ್ಲಲ್ಲ?"

"ಹೇಳಬಾರದು ಅಂದಿದ್ರು ಅತ್ತಿ."

ಹಿಂದಿನ ಸೀಟಿನಲ್ಲಿ ಅತ್ತೆ, ಗಾದಿಲಿಂಗಪ್ಪ ಇಬ್ಬರೂ ಬಾಯಿ ತೆರೆದು ನಿದ್ದೆ ಹೋಗಿದ್ದರು. ಗಂಡ ಬೇರೆ, ಎಂದೂ ಇಲ್ಲದಂತೆ, ಕೇಳುತ್ತಿದ್ದ. ದಾಕ್ಷಾಯಣಿಗೆ ತಡೆದುಕೊಳ್ಳಲು ಆಗಲಿಲ್ಲ. ಹೇಳಿದಳು. ಗಾಳಿಮಳೆಯಲ್ಲಿ ರಸ್ತೆಯನ್ನು ಇದು ಹೇಗೆ ಕಚ್ಚಿ ಹಿಡಿಯುತ್ತದೆ ಎಂದು ಹೇಳಿದಳು. ಬೆಳಿಗ್ಗೆಯ ಉಸಿರು ಯಾವುದು, ದಣಿದ ಉಸಿರು ಯಾವುದು ಎಂದು ಹೇಳಿದಳು. ಇಷ್ಟು ವರ್ಷದಲ್ಲಿ ಎಂಜಿನ್ ಬಿಚ್ಚಿಲ್ಲ, ಬೆಲ್ಟು ಆಯಿಲ್ಲು ಹೊತ್ತು ಹೊತ್ತಿಗೆ ಕೊಟ್ಟರೆ ಇದು ಮತ್ತೇನನ್ನೂ ಕೇಳುವುದಿಲ್ಲ, ಮೂರು ಲಕ್ಷ ಓಡಿದ ಮೇಲೂ ಇದಕ್ಕೆ ಮುಂದಿನ ಊರು ನೋಡುವ ಆಸೆ ಇದೆ ಎಂದಳು. ಕೂಡಿಟ್ಟ ಹೊಗಳಿಕೆಯೆಲ್ಲ ಕಾಲುವೆಗೆ ನೀರು ಬಿಟ್ಟಂತೆ ಹರಿದು ಹೋಯಿತು. ಮದುವೆಯಾದ ಮೇಲೆ ಗಂಡ ಇಷ್ಟು ಹೊತ್ತು ತನ್ನ ಮಾತು ಕೇಳಿದ್ದು ಇದೇ ಮೊದಲು ಎಂಬುದು ಬಳ್ಳಾರಿಯ ರೂಪನಗುಡಿ ರಸ್ತೆಯ ಬೋರ್ಡು ಕಂಡಾಗ ಅವಳಿಗೆ ಹೊಳೆಯಿತು. ಮನಸ್ಸು ಹಿಗ್ಗಿತು.

ಓಣಿಯಲ್ಲಿ ಜನ ಸೇರಿ ಹೊಸ ಕಾರನ್ನು ಕಾಂಪೌಂಡಿನೊಳಗೆ ನೂಕಿದರು. ತಿಪ್ಪವ್ವ ಓಣಿಯ ಕೊನೆಯ ಗೋಡೆಗೆ ಮುಖ ಮಾಡಿ ನಿಂತಿತು. ಓಬಣ್ಣ ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿ ನೋಡಿ, ಕೈ ಮುಗಿದ.

"ಅಣ್ಣಾರ, ಈ ಬಂಡಿ ಮುರಿಯಾಕ ನನ್ನ ಕೈಲಾಗಂಗಿಲ್ಲ. ಇನ್ನೂ ಹತ್ತು ವರ್ಷ ಇದಕ್ಕ ಸಾವಿಲ್ಲ. ಬೇಕಾದ್ರ ಆ ಹೊಸಾದು ಕೊಡ್ರಿ, ಒಯ್ತೀನಿ."

ಓಣಿಯೆಲ್ಲ ನಕ್ಕಿತು. ದಾಕ್ಷಾಯಣಿಗೆ ಕಣ್ಣಲ್ಲಿ ನೀರೇ ಬಂತು. ಗೆದ್ದಿದ್ದಳು. ಗುಜರಿಯವನ ಬಾಯಿಂದಲೇ ತೀರ್ಪು ಬಂದಿತ್ತು.

ವಿರೂಪಾಕ್ಷಪ್ಪ ಗಂಟಲು ಸರಿಮಾಡಿಕೊಂಡ.

"ನಾ ಎಲ್ಲಿ ಕೊಡ್ತೀನೋ ಓಬಣ್ಣ? ನಾಳಿಂದ ತಿಪ್ಪವ್ವ ನನ್ನ ಗಾಡಿ. ನನ್ನ ಸೊಂಟಕ್ಕ ಇದ ಸರಿ. ಅಂಗಡಿಗೆ ಇದರಾಗ ಹೋಗ್ತೀನಿ."

"ಮತ್ತ ನಾನು?" ದಾಕ್ಷಾಯಣಿಯ ದನಿ ಅವಳಿಗೇ ಕೇಳಿಸಲಿಲ್ಲ.

"ನಿನಗ ಹೊಸಾ ಕಾರು! ರಿಪೇರಿ ಮಾಡಿಸಿ ಡ್ರೈವರ್ ಇಟ್ಟು ಕಳಸ್ತೀನಿ. ಹದ್ನಾಕು ವರ್ಷ ದುಡದೀ, ಇನ್ನ ರಾಣಿ ಹಂಗ ಹಿಂದ ಕುಂದ್ರು."

"ಡ್ರೈವರ್ ಬರೋದಾದ್ರ," ಗಾದಿಲಿಂಗಪ್ಪ ಉತ್ಸಾಹದಿಂದ ಮುಂದೆ ಬಂದರು, "ನಮ್ಮ ತಂಗಿ ಮಗಳು ಶೀಲಾ ದಿನಾ ಸಿರುಗುಪ್ಪಕ್ಕ ಬಸ್ಸಿನಾಗ ಹೋಗ್ತಾಳ. ಆಕಿನೂ ಕೂಡತಾಳ. ಭಾಳ ಮಾತಿನ ಮಲ್ಲಿ. ನಿನಗ ದಾರಿ ಹೋಗಿದ್ದ ಗೊತ್ತಾಗಂಗಿಲ್ಲ ತಂಗೀ!"

ಎಲ್ಲರೂ ಎಂಥ ಒಳ್ಳೆ ಗಂಡ ಎಂಬಂತೆ ಅವಳನ್ನು ನೋಡಿದರು. ಅವಳೂ ನಗಬೇಕಾಯಿತು. ನಕ್ಕು, ಚಹಾ ಇಡುತ್ತೇನೆಂದು ಮೆಟ್ಟಿಲು ಹತ್ತಿದಳು.

ಕೆಳಗೆ ವಿರೂಪಾಕ್ಷಪ್ಪ ಈಗಲೇ ಅಂಗಡಿಯ ತನಕ ಒಂದು ಸುತ್ತು ಹೋಗಿ ಬರುವ ಹುರುಪಿನಲ್ಲಿ ಡ್ರೈವರ್ ಸೀಟಿಗೆ ಕುಳಿತ. ಚಾಲೂ ಮಾಡಿದ. ಹಿಂದಕ್ಕೆ ತೆಗೆಯಲೆಂದು ಗೇರು ಎಳೆದ. ತಿಪ್ಪವ್ವ ಮುಂದಕ್ಕೆ ಹೋಯಿತು. ಬ್ರೇಕ್ ಒತ್ತಿ ಮತ್ತೆ ಎಳೆದ. ಮತ್ತೆ ಮುಂದಕ್ಕೆ. ಗೋಡೆಗೂ ಬಂಪರಿಗೂ ನಡುವೆ ಈಗ ಒಂದು ಗೇಣು.

"ಗೇರ್ ಬಾಕ್ಸ್ ಹೋಗೇತಿ," ಗಾದಿಲಿಂಗಪ್ಪ ಘೋಷಿಸಿದರು.

"ಹೋಗಿಲ್ಲ ಸುಮ್ಮನಿರ್ರಿ," ಎಂದ ಓಬಣ್ಣ. "ಏನೋ ಒಂದು ಕೀಲು ಐತಿ ಇದಕ್ಕ."

ಕೀಲು ಇತ್ತು. ಗೇರಿನ ಗುಂಡಿನ ಕೆಳಗೆ ಸಣ್ಣ ಬಳೆಯಂಥದ್ದೊಂದು. ಎರಡು ಬೆರಳಿನಿಂದ ಅದನ್ನು ಮೇಲಕ್ಕೆತ್ತಿ ಹಿಡಿದರೆ ಮಾತ್ರ ರಿವರ್ಸ್ ಬೀಳುತ್ತದೆ. ಇಲ್ಲದಿದ್ದರೆ ಬೇರೆ ಗೇರು ಬಿದ್ದು ಗಾಡಿ ಮುಂದಕ್ಕೇ ಹೋಗುತ್ತದೆ. ಯಾವ ಗೇರು ಎಲ್ಲಿ ಎಂದು ಗುಂಡಿನ ಮೇಲೆ ಬರೆದಿದ್ದ ಗೆರೆಗಳೆಲ್ಲ ದಾಕ್ಷಾಯಣಿಯ ಅಂಗೈಗೆ ಸವೆದು ಮಾಯವಾಗಿದ್ದವು. ಇದು ಗೊತ್ತಿದ್ದ ಜೀವ ಆ ಓಣಿಯಲ್ಲಿ ಒಂದೇ.

"ದಾಕ್ಷಾಯಣೀ!" ಗಂಡ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ರಿವರ್ಸ್ ಹೆಂಗ ಹಾಕ್ತೀ ಇದಕ್ಕ?"

ಅವಳು ಮೆಟ್ಟಿಲ ಮೇಲೆ ನಿಂತಳು. ಉತ್ತರ ನಾಲಿಗೆಯ ತುದಿಗೆ ಬಂತು. ಇಪ್ಪತ್ತು ವರ್ಷದ ಸಂಸಾರದ ಅಭ್ಯಾಸ, ಕೇಳಿದ ಕೂಡಲೇ ಹೇಳಿಬಿಡುವುದು. ಬಲಗೈಯ ಎರಡು ಬೆರಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ಮೇಲೆತ್ತಿದವು.

"ಬೀಳ್ತೈತ್ರಿ!" ಎಂದಳು. "ಸಾವಕಾಶ ನೋಡ್ರಿ, ಬೀಳ್ತೈತಿ!"

ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಕೆಳಗಿನಿಂದ ತಿಪ್ಪವ್ವನ ಆರೋಗ್ಯವಂತ ಗುನುಗು ಕೇಳುತ್ತಿತ್ತು. ಅದರ ಮೇಲೆ ಗಂಡನ ಬೈಗುಳ, ಎಲ್ಲರೂ ಕೂಡಿ ಹಿಂದಕ್ಕೆ ನೂಕುವ ಐಸಾ ಐಸಾ. ಇವತ್ತಲ್ಲ ನಾಳೆ ಯಾರೋ ಒಬ್ಬರು ಆ ಬಳೆಯನ್ನು ಕಂಡುಹಿಡಿಯುತ್ತಾರೆ. ಹಿಡಿಯಲಿ. ಅಲ್ಲಿಯ ತನಕ ಬೆಳಿಗ್ಗೆ ಗಾಡಿ ಹಿಂದಕ್ಕೆ ತೆಗೆಯಲು ಅವಳೇ ಬೇಕು; ತೆಗೆದವಳು ಹಾಗೇ ಸಿರುಗುಪ್ಪಕ್ಕೂ ಹೋಗಿಬಿಡಬಹುದು. ತನ್ನ ಬಾಯಿಂದ ಮಾತ್ರ ಅದು ಹೊರಬೀಳುವುದಿಲ್ಲ ಎಂದು ಸಕ್ಕರೆ ಡಬ್ಬಿಯ ಮುಚ್ಚಳ ತಿರುವುತ್ತ ನಿಶ್ಚಯ ಮಾಡಿದಳು. ಆಮೇಲೆ ಲೋಟಗಳನ್ನು ಸಾಲಾಗಿ ಜೋಡಿಸಿ, ಶುಂಠಿ ಜಜ್ಜತೊಡಗಿದಳು.